ಬಿಸಿ ಎಲ್ಲಿಗೆ ಹೋಗುತ್ತದೆ?

ಕೊಪ್ಪಳ ಜಿಲ್ಲೆಗೆ ಕರಗಿದ ಲೋಹ ಹೊಸದಲ್ಲ. ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಲ್ಲಿ, ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕುಲುಮೆಯಲ್ಲಿ ಹಗಲಿರುಳೂ ಕಬ್ಬಿಣ ನೀರಾಗಿ ಹರಿಯುತ್ತದೆ. ನಮ್ಮ ಬೇವೂರಿನ ಆಜುಬಾಜಿನ ಹಳ್ಳಿಗಳಲ್ಲಿ ಆ ಝಳದ ಮುಂದೆ ಪಾಳಿ ಮುಗಿಸಿ ಬಂದವರಿಗೆ ಅದರ ಗುಣ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕರಗಿದ ಲೋಹಕ್ಕೆ ಒಂದೇ ಗುರಿ: ಅಚ್ಚಿಗೆ ಇಳಿಯಬೇಕು, ತಣಿಯಬೇಕು, ಗಟ್ಟಿಯಾಗಬೇಕು. ಆದರೆ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡುವ ಲೋಹವೂ ಇದೆ. ಅದು ಎಂದೂ ಗಟ್ಟಿಯಾಗಬಾರದು, ಎಂದೂ ನಿಲ್ಲಬಾರದು. ಅಣುಬೆಂಕಿಯ ಬಿಸಿಯನ್ನು ಹೊತ್ತು ವರ್ಷಗಟ್ಟಲೆ ಸುತ್ತುತ್ತಲೇ ಇರಬೇಕು. ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಅಂಥ ಲೋಹ ಕೊಳವೆಗಳಲ್ಲಿ ಹರಿಯತೊಡಗಿ ನಾಲ್ಕು ದಶಕಗಳಾದವು.

ಈ ಮಾತು ನಮಗೇಕೆ ಎಂದು ಕೇಳುವವರಿದ್ದಾರೆ. 2025ರ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಅರಸಿನಕೇರಿಯ ಸುತ್ತ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡುವ ಸುದ್ದಿ ಬಂತು. ಊರೂರಲ್ಲಿ ಚರ್ಚೆ ಎದ್ದಿತು, ವಿರೋಧ ಎದ್ದಿತು. ಕಾರ್ಖಾನೆಗಳ ಹೊಗೆ, ಧೂಳಿಗೆ ಮೊದಲೇ ಬೇಸತ್ತ ಜನ ಅದು. ಅವರ ಆತಂಕವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಬೇಕು, ಬೇಡ ಎಂಬ ಎರಡು ಕೂಗುಗಳ ನಡುವೆ ಒಂದು ಪ್ರಶ್ನೆ ನನಗೆ ಕೇಳಿಸಿದ್ದು ಕಡಿಮೆ. ಯಾವ ಶಕ್ತಿ ಸ್ಥಾವರದ ಮುಂದೆ ನಿಂತರೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಇಲ್ಲಿ ಹುಟ್ಟುವ ಬಿಸಿ ಎಲ್ಲಿಗೆ ಹೋಗುತ್ತದೆ? ಅದನ್ನು ಹೊರುವವರು ಯಾರು?

ಅಣುಶಕ್ತಿಯ ಇತಿಹಾಸವನ್ನು ಓದಿದಷ್ಟೂ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಬೆಂಕಿ ಹೊತ್ತಿಸುವುದನ್ನು ಮನುಷ್ಯ ಬೇಗ ಕಲಿತ. ಹೊತ್ತಿಸಿದ ಬೆಂಕಿಯ ಬಿಸಿಯನ್ನು ಎಡೆಬಿಡದೆ ಹೊರಗೆ ಸಾಗಿಸುವುದನ್ನು ಕಲಿಯಲು ಬಹಳ ಬೆಲೆ ತೆತ್ತ. ಕಲ್ಲಿದ್ದಲ ಒಲೆಯನ್ನು ಆರಿಸಿದರೆ ಅದು ತಣಿಯುತ್ತದೆ. ರಿಯಾಕ್ಟರ್ ಹಾಗಲ್ಲ. ಸರಣಿಕ್ರಿಯೆ ನಿಂತ ಗಳಿಗೆಯಲ್ಲೂ ಒಡೆದ ಪರಮಾಣುಗಳ ಚೂರುಗಳು ಪೂರ್ಣ ಶಕ್ತಿಯ ಶೇಕಡ 6ರಿಂದ 7ರಷ್ಟು ಬಿಸಿಯನ್ನು ಉಗುಳುತ್ತಿರುತ್ತವೆ. ಒಂದು ಗಂಟೆಯ ನಂತರ ಅದು ಶೇಕಡ ಒಂದೂವರೆಗೆ ಇಳಿಯುತ್ತದೆ. ಒಂದು ದಿನ ಕಳೆದರೂ ಶೇಕಡ ಅರ್ಧದಷ್ಟು ಉಳಿದಿರುತ್ತದೆ. ಆ ಶೇಷ ಬಿಸಿಯನ್ನು ತೆಗೆಯಲು ಯಾರೂ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು 2011ರ ಮಾರ್ಚ್ 11ರ ನಂತರ ಫುಕುಶಿಮಾ ಜಗತ್ತಿಗೆ ತೋರಿಸಿತು. ಅಲ್ಲಿ ರಿಯಾಕ್ಟರುಗಳು ಭೂಕಂಪದ ಕೂಡಲೇ ನಿಂತಿದ್ದವು. ನಿಲ್ಲಬಾರದ್ದು ನೀರಿನ ಪಂಪು. ಸುನಾಮಿಯ ಹೊಡೆತಕ್ಕೆ ವಿದ್ಯುತ್ ಹೋಗಿ ಅದೂ ನಿಂತಿತು.

ನಮ್ಮ ಕೈಗಾದಲ್ಲಿ ಈ ಹೊರುವ ಕೆಲಸ ಮಾಡುವುದು ಭಾರಜಲ. ವಾತಾವರಣದ ಒತ್ತಡದ ಎಂಬತ್ತಕ್ಕೂ ಹೆಚ್ಚು ಪಟ್ಟು ಒತ್ತಡದಲ್ಲಿ ಅದನ್ನು ಹಿಡಿದಿಟ್ಟಿರುತ್ತಾರೆ. ಹಾಗೆ ಹಿಡಿಯದಿದ್ದರೆ ಆ ಬಿಸಿಗೆ ಅದು ಕುದಿದುಹೋಗುತ್ತದೆ. ಕೈಗಾದ ಮೊದಲ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಬರೆಯಿತು. ಅಷ್ಟೂ ದಿನ ಅಲ್ಲಿ ಬಿಸಿ ಹೊರುವವರು ಒಂದು ಗಳಿಗೆಯೂ ಮೈಮರೆಯಲಿಲ್ಲ ಎಂಬುದೇ ಆ ದಾಖಲೆಯ ನಿಜವಾದ ಅರ್ಥ. ಬೆಂಗಳೂರಿನಲ್ಲಿ ಹುಟ್ಟಿ ಓದಿದ ಎಂ. ಆರ್. ಶ್ರೀನಿವಾಸನ್, ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರಂಥ ಅಣುತಜ್ಞರು ಕಟ್ಟಿ ಬೆಳೆಸಿದ ಶಿಸ್ತು ಅದು.

ಹಾಗಾದರೆ ನೀರು ಸಾಲದೆ? ಲೋಹವೇಕೆ ಬೇಕು?

ಅದಕ್ಕೆ ನಮ್ಮ ದೇಶದ ಅಣುಶಕ್ತಿಗೆ ಹೋಮಿ ಭಾಭಾ ಹಾಕಿಕೊಟ್ಟ ಮೂರು ಹಂತದ ದಾರಿಯನ್ನು ನೋಡಬೇಕು. ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಬಗೆಯದು ಶೇಕಡ 0.7 ಮಾತ್ರ. ಉಳಿದದ್ದು ತಾನಾಗಿ ಉರಿಯದ ಯುರೇನಿಯಂ-238. ನಮ್ಮ ದೇಶದಲ್ಲಿ ಯುರೇನಿಯಂ ಹೇರಳವಾಗಿಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ನಿಕ್ಷೇಪ ಪತ್ತೆಯಾದಾಗ ಅಣುಶಕ್ತಿ ಇಲಾಖೆ ಅಷ್ಟು ಆಸ್ಥೆ ತೋರಿದ್ದಕ್ಕೂ, ಊರ ಜನ ಅಷ್ಟೇ ಆತಂಕ ಪಟ್ಟಿದ್ದಕ್ಕೂ ಹಿನ್ನೆಲೆ ಇದೇ. ಮೊದಲ ಹಂತದ ರಿಯಾಕ್ಟರುಗಳು ಬಿಟ್ಟುಹೋದ ಯುರೇನಿಯಂ-238ನ್ನು ಪ್ಲುಟೋನಿಯಂ ಆಗಿ ಮಾರ್ಪಡಿಸಿ, ಉರಿಸಿದ್ದಕ್ಕಿಂತ ಹೆಚ್ಚು ಇಂಧನವನ್ನು ಹುಟ್ಟಿಸಿಕೊಳ್ಳಬೇಕಾದರೆ ನ್ಯೂಟ್ರಾನುಗಳು ವೇಗವಾಗಿಯೇ ಓಡಬೇಕು. ನೀರಿನಲ್ಲಿರುವ ಹೈಡ್ರೋಜನ್ ಅವುಗಳ ವೇಗವನ್ನು ತಗ್ಗಿಸಿಬಿಡುತ್ತದೆ. ಆದ್ದರಿಂದ ಎರಡನೇ ಹಂತದ ಈ ವೇಗದ ರಿಯಾಕ್ಟರಿಗೆ ನೀರು ಹೊಂದುವುದಿಲ್ಲ. ಬಿಸಿಯನ್ನು ಚೆನ್ನಾಗಿ ಹೊರಬೇಕು, ನ್ಯೂಟ್ರಾನಿನ ಓಟಕ್ಕೆ ಅಡ್ಡಬರಬಾರದು ಎಂಬ ಎರಡು ಷರತ್ತುಗಳಿಗೆ ಒಪ್ಪುವವರನ್ನು ಹುಡುಕುತ್ತ ಹೋದರೆ ಲೋಹದ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಬಿಸಿಯನ್ನು ದಾಟಿಸುವುದರಲ್ಲಿ ಲೋಹಕ್ಕೆ ಸಾಟಿಯಿಲ್ಲ. ಕುದಿಯುವ ಸಾರಿಗೆ ಮರದ ಸೌಟು ಇಟ್ಟವಳ ಕೈ ಸುಡುವುದಿಲ್ಲ, ಕಬ್ಬಿಣದ ಸೌಟು ಇಟ್ಟವಳು ಸೆರಗು ಸುತ್ತಿಯೇ ಅದನ್ನು ಹಿಡಿಯಬೇಕು. ದ್ರವ ಸೋಡಿಯಂ ನೀರಿಗಿಂತ ನೂರು ಪಟ್ಟಿನಷ್ಟು ಸರಾಗವಾಗಿ ಬಿಸಿಯನ್ನು ದಾಟಿಸುತ್ತದೆ. 98 ಡಿಗ್ರಿಗೆ ಅದು ಕರಗುತ್ತದೆ, ಕುದಿಯುವುದು 883 ಡಿಗ್ರಿಗೆ. ನಡುವಿನ ಆ ದೊಡ್ಡ ಹರವಿನಲ್ಲಿ ಒತ್ತಡದ ಹಂಗಿಲ್ಲದೆ ದ್ರವವಾಗಿಯೇ ಇರುತ್ತದೆ. ಒತ್ತಡವಿಲ್ಲವೆಂದರೆ ಪಾತ್ರೆ ಸಿಡಿಯುವ ಭಯವೂ ಅಷ್ಟು ಕಡಿಮೆ. ಸೋಡಿಯಂ ಅಪರೂಪದ ವಸ್ತುವೂ ಅಲ್ಲ. ನಾವು ದಿನಾ ಊಟಕ್ಕೆ ಹಾಕಿಕೊಳ್ಳುವ ಉಪ್ಪಿನ ಎರಡು ಘಟಕಗಳಲ್ಲಿ ಒಂದು ಅದು.

ಸೋಡಿಯಂ ಹರಿಸುವ ಕಲ್ಪಾಕ್ಕಂನ ಚಿಕ್ಕ ಪರೀಕ್ಷಾ ರಿಯಾಕ್ಟರ್ 1985ರ ಅಕ್ಟೋಬರ್ 18ರಂದು ಮೊದಲ ಬಾರಿಗೆ ಸರಣಿಕ್ರಿಯೆ ಕಂಡಿತು. ಫ್ರಾನ್ಸಿನ ರಾಪ್ಸೋಡಿ ಎಂಬ ರಿಯಾಕ್ಟರಿನ ಮಾದರಿಯಲ್ಲಿ ಕಟ್ಟಿದ್ದು ಅದು. 40 ಮೆಗಾವಾಟ್ ಉಷ್ಣಶಕ್ತಿ ಅದರ ಗುರಿಯಾಗಿತ್ತು. ಆ ಪೂರ್ಣ ಗುರಿ ಮುಟ್ಟಿದ್ದು 2022ರಲ್ಲಿ. ಅದರ ಪಕ್ಕದಲ್ಲೇ 500 ಮೆಗಾವಾಟ್ ವಿದ್ಯುತ್ತಿನ ದೊಡ್ಡ ಮಾದರಿ ರಿಯಾಕ್ಟರನ್ನು 2004ರಲ್ಲಿ ಕಟ್ಟತೊಡಗಿದರು. ಅದೇ ವರ್ಷದ ಡಿಸೆಂಬರಿನ ಸುನಾಮಿ ಅದರ ಅಡಿಪಾಯದ ಗುಂಡಿಗೆ ನುಗ್ಗಿತು. 2010ಕ್ಕೆ ಮುಗಿಯಬೇಕಿದ್ದ ಕೆಲಸ ವರ್ಷ ವರ್ಷ ಮುಂದಕ್ಕೆ ಹೋಗಿ, ಅದರ ಗರ್ಭವನ್ನು ತುಂಬುವ ಕೆಲಸ ಶುರುವಾದದ್ದು 2024ರ ಮಾರ್ಚ್ 4ರಂದು. ಈ ವಿಳಂಬವನ್ನು ಟೀಕಿಸಿದವರು ಬಹಳ. ಖರ್ಚಿನ ಲೆಕ್ಕದಲ್ಲಿ ಆ ಟೀಕೆ ಸರಿಯೇ. ಆದರೆ ಈ ಲೋಹದೊಡನೆ ವ್ಯವಹರಿಸುವವರಿಗೆ ಅವಸರ ಸಲ್ಲದು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.

ಆ ರಿಯಾಕ್ಟರಿನ ಮುಖ್ಯ ಪಾತ್ರೆ ಸುಮಾರು 13 ಮೀಟರ್ ಅಗಲ. ಅದರೊಳಗೆ ಸಾವಿರ ಟನ್ನಿಗೂ ಮೀರಿದ ಸೋಡಿಯಂ. 397 ಡಿಗ್ರಿಯಲ್ಲಿ ಇಂಧನದ ನಡುವೆ ನುಗ್ಗಿ, 547 ಡಿಗ್ರಿಯಲ್ಲಿ ಹೊರಬರುವ ಈ ಬೆಳ್ಳಿಬಣ್ಣದ ಹೊಳೆ ಸೆಕೆಂಡಿಗೆ ಆರೂವರೆ ಟನ್ನಿನಷ್ಟು ಹರಿಯಬೇಕು. ಅದನ್ನು ಓಡಿಸುವ ಪಂಪುಗಳನ್ನು ಮಾಡಿಕೊಟ್ಟದ್ದು ಕಿರ್ಲೋಸ್ಕರ್ ಬ್ರದರ್ಸ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿ, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಮನೆತನದ ಕಂಪನಿ ಅದು. ಬೇವಿನಹಳ್ಳಿಯ ಕುಲುಮೆಯೂ ಅದೇ ಮನೆತನದ ಹೆಸರನ್ನು ಹೊತ್ತಿದೆ. ರೈತರಿಗೆ ನೇಗಿಲು ಮಾಡಿಕೊಡುತ್ತ ಬೆಳೆದ ಕಸುಬು ಕರಗಿದ ಲೋಹವನ್ನು ಓಡಿಸುವ ಪಂಪಿನವರೆಗೆ ನಡೆದುಬಂದಿದೆ. ನಮ್ಮ ಸೀಮೆಯ ಕೈಗಳಿಗೆ ಈ ವಿದ್ಯೆ ದೂರದ್ದಲ್ಲ ಎಂದು ನಾನು ಭರವಸೆಯಿಂದ ಹೇಳುವುದು ಇದರಿಂದಲೇ.

ಇಷ್ಟು ಗುಣಗಳಿರುವ ಸೋಡಿಯಂಗೆ ಸಿಟ್ಟೂ ಅಷ್ಟೇ ಇದೆ. ಬಿಸಿಯಾದ ಸೋಡಿಯಂಗೆ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನೀರು ತಾಗಿದರೆ ಭುಗಿಲೆದ್ದು ಹೈಡ್ರೋಜನ್ ಹುಟ್ಟಿಸುತ್ತದೆ. ಇಂಧನದ ನಡುವೆ ಹಾದುಬಂದದ್ದು ವಿಕಿರಣ ಸೂಸತೊಡಗುತ್ತದೆ. ಆ ಸೋಡಿಯಂ-24 ಅರ್ಧಕ್ಕೆ ಇಳಿಯಲು 15 ಗಂಟೆ ಬೇಕು. ಅದಕ್ಕಾಗಿಯೇ ಮೊದಲ ಸೋಡಿಯಂ ತನ್ನ ಬಿಸಿಯನ್ನು ಎರಡನೆಯ ಶುದ್ಧ ಸೋಡಿಯಂಗೆ ಕೊಡುತ್ತದೆ. ಆ ಎರಡನೆಯದು ನೀರಿಗೆ ಕೊಟ್ಟು ಉಗಿ ಎಬ್ಬಿಸುತ್ತದೆ. ಅಲ್ಲಿ ಸೋಡಿಯಂ ಮತ್ತು ನೀರಿನ ನಡುವೆ ಇರುವುದು 23 ಮೀಟರ್ ಉದ್ದದ ಉಕ್ಕಿನ ಕೊಳವೆಗಳ 2.3 ಮಿಲಿಮೀಟರ್ ದಪ್ಪದ ಗೋಡೆ ಮಾತ್ರ. ಅಂಥ ಸಾವಿರಾರು ಕೊಳವೆಗಳು, ಅವುಗಳ ಒಂದೊಂದು ಬೆಸುಗೆ. ಬೆಸುಗೆ ಹಾಕಿದವನ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ಆದರೆ ಇಡೀ ಸ್ಥಾವರ ನಿಂತಿರುವುದು ಅವನ ನಿಷ್ಠೆಯ ಮೇಲೆ.

ಜಪಾನಿನ ಮೋಂಜು ರಿಯಾಕ್ಟರಿನಲ್ಲಿ 1995ರ ಡಿಸೆಂಬರ್ 8ರಂದು ನಡೆದದ್ದನ್ನು ಈ ಕ್ಷೇತ್ರದವರು ಮರೆಯುವುದಿಲ್ಲ. ಸೋಡಿಯಂ ಹರಿವಿನೊಳಗೆ ಇಳಿಬಿಟ್ಟಿದ್ದ ಉಷ್ಣಮಾಪಕದ ಕವಚ ಹರಿವಿನ ಕಂಪನಕ್ಕೆ ಮುರಿಯಿತು. ಆ ಕಂಡಿಯಿಂದ ನೂರಾರು ಕಿಲೋ ಸೋಡಿಯಂ ಸೋರಿ ಹೊತ್ತಿಕೊಂಡಿತು. ಅದು ಎರಡನೆಯ ಸುತ್ತಿನ ಸೋಡಿಯಂ ಆದ್ದರಿಂದ ವಿಕಿರಣ ಹೊರಬೀಳಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದರೆ ಘಟನೆಯ ವಿಡಿಯೋವನ್ನು ನಡೆಸುವವರು ಮುಚ್ಚಿಟ್ಟರು. ಅದು ಬಯಲಾದಾಗ ಜನರ ವಿಶ್ವಾಸ ಕುಸಿಯಿತು. ರಿಯಾಕ್ಟರ್ ಮತ್ತೆ ಚಾಲೂ ಆಗಲು 2010ರವರೆಗೆ ಕಾಯಬೇಕಾಯಿತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ಸೋರಿದ ಸೋಡಿಯಂ ಅನ್ನು ಒರೆಸಿ ತೆಗೆಯಬಹುದಿತ್ತು. ಸೋರಿಹೋದ ನಂಬಿಕೆಯನ್ನು ತುಂಬಿಕೊಡಲು ಇಪ್ಪತ್ತು ವರ್ಷವೂ ಸಾಲಲಿಲ್ಲ.

ರಷ್ಯಾದ ಬೆಲೋಯಾರ್ಸ್ಕ್‌ನ ಕಥೆ ಬೇರೆ. ಅಲ್ಲಿನ 600 ಮೆಗಾವಾಟಿನ ಸೋಡಿಯಂ ರಿಯಾಕ್ಟರ್ 1980ರಿಂದ ವಿದ್ಯುತ್ ಕೊಡುತ್ತಿದೆ. ಅದರಲ್ಲೂ ಮೊದಲ ವರ್ಷಗಳಲ್ಲಿ ಹಲವು ಸೋರಿಕೆಗಳಾದವು, ಕೆಲವು ಹೊತ್ತಿಯೂ ಉರಿದವು. ಒಂದೊಂದನ್ನೂ ಹಿಡಿದು, ಕಾರಣ ಹುಡುಕಿ, ತಿದ್ದಿ ನಡೆದರು. ಅದೇ ದೇಶ ಸೀಸ ಮತ್ತು ಬಿಸ್ಮತ್ ಮಿಶ್ರಲೋಹವನ್ನು ತನ್ನ ಜಲಾಂತರ್ಗಾಮಿಗಳಲ್ಲಿ ಬಳಸಿತು. ಅದು ಗಾಳಿಗೆ ಹೊತ್ತಿಕೊಳ್ಳುವುದಿಲ್ಲ, ನೀರಿಗೂ ಸಿಡಿಮಿಡಿಗೊಳ್ಳುವುದಿಲ್ಲ. ಅದರ ಕಷ್ಟಗಳೇ ಬೇರೆ. ಸುಮಾರು 125 ಡಿಗ್ರಿಗೆ ಗಟ್ಟಿಯಾಗಿಬಿಡುತ್ತದೆ, ಉಕ್ಕನ್ನು ಮೆಲ್ಲನೆ ತಿನ್ನುತ್ತದೆ, ಬಿಸ್ಮತ್‌ನಿಂದ ಪೊಲೋನಿಯಂ ಎಂಬ ಘೋರ ವಿಷ ಹುಟ್ಟುತ್ತದೆ. 1968ರಲ್ಲಿ ಕೆ-27 ಎಂಬ ಜಲಾಂತರ್ಗಾಮಿಯಲ್ಲಿ ಈ ಲೋಹದ ಹರಿವು ಕಟ್ಟಿಕೊಂಡು ಇಂಧನ ಕೆಟ್ಟಿತು, ಒಂಬತ್ತು ನಾವಿಕರು ಪ್ರಾಣ ಬಿಟ್ಟರು. ಈಗ ರಷ್ಯಾದ ಸೆವೆರ್ಸ್ಕ್‌ನಲ್ಲಿ ಬರಿಯ ಸೀಸವನ್ನೇ ಹರಿಸುವ 300 ಮೆಗಾವಾಟಿನ ರಿಯಾಕ್ಟರನ್ನು 2021ರಿಂದ ಕಟ್ಟುತ್ತಿದ್ದಾರೆ. ಸೀಸ ಕರಗಲು 327 ಡಿಗ್ರಿ ಬೇಕು. ಅಂದರೆ ಅದನ್ನು ಸದಾ ಬಿಸಿಯಾಗಿ ಕಾಯ್ದುಕೊಳ್ಳುವ ಹೊಣೆ ಇನ್ನೂ ದೊಡ್ಡದು. ದೋಷವಿಲ್ಲದ ಹೊರೆಯಾಳು ಯಾರೂ ಇಲ್ಲ. ಯಾವ ದೋಷವನ್ನು ನಾವು ಅರಿತಿದ್ದೇವೆ, ಯಾವುದನ್ನು ಕಾಯಬಲ್ಲೆವು ಎಂಬುದೇ ಆಯ್ಕೆ.

ಈ ಲೋಹಗಳಿಗೆ ಒಂದು ದೊಡ್ಡ ಸದ್ಗುಣವೂ ಇದೆ. 1986ರ ಏಪ್ರಿಲ್ 3ರಂದು ಅಮೆರಿಕದ ಇಡಾಹೋದಲ್ಲಿ ಇಬಿಆರ್-2 ಎಂಬ ಸೋಡಿಯಂ ರಿಯಾಕ್ಟರನ್ನು ಪೂರ್ಣ ಶಕ್ತಿಯಲ್ಲಿ ನಡೆಸುತ್ತ, ಬೇಕೆಂದೇ ಪಂಪುಗಳ ವಿದ್ಯುತ್ ಕಡಿದರು. ಸರಣಿಕ್ರಿಯೆಯನ್ನು ತಡೆಯುವ ಸರಳುಗಳನ್ನು ಇಳಿಸಲಿಲ್ಲ. ಬಿಸಿ ಏರಿ ಒಳಗಿನ ಭಾಗಗಳು ಹಿಗ್ಗಿದವು, ಸರಣಿಕ್ರಿಯೆ ತಾನಾಗಿ ಕುಗ್ಗಿತು, ಬಿಸಿ ಸೋಡಿಯಂ ಮೇಲೇರಿ ತಣಿದದ್ದು ಕೆಳಗಿಳಿದು ತಾನಾಗಿಯೇ ಸುತ್ತಿತು. ರಿಯಾಕ್ಟರ್ ಹಾನಿಯಿಲ್ಲದೆ ತಣ್ಣಗಾಯಿತು. ಮೂರೇ ವಾರಗಳ ನಂತರ ಚೆರ್ನೋಬಿಲ್ ಸಿಡಿದ ಗದ್ದಲದಲ್ಲಿ ಈ ಪರೀಕ್ಷೆಯ ಸುದ್ದಿ ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಕಲ್ಪಾಕ್ಕಂನ ದೊಡ್ಡ ರಿಯಾಕ್ಟರಿನಲ್ಲೂ ಇದೇ ತತ್ವವನ್ನು ನಂಬಿ ನಾಲ್ಕು ಪ್ರತ್ಯೇಕ ಸುತ್ತುಗಳನ್ನು ಇಟ್ಟಿದ್ದಾರೆ. ಒಂದೊಂದೂ 8 ಮೆಗಾವಾಟ್ ಶೇಷ ಬಿಸಿಯನ್ನು ಎತ್ತರದ ಚಿಮಣಿಗಳ ಮೂಲಕ ಬಯಲ ಗಾಳಿಗೆ ಬಿಡಬಲ್ಲದು. ಅವುಗಳ ಸೋಡಿಯಂ ಸುತ್ತಲು ಪಂಪು ಬೇಕಿಲ್ಲ. ಅವು ನಂಬಿರುವುದು ಬಿಸಿಯಾದದ್ದು ಮೇಲೇರುತ್ತದೆ ಎಂಬ ಪ್ರಕೃತಿ ನಿಯಮವನ್ನು.

ಇನ್ನು ನಮ್ಮ ನೆಲಕ್ಕೆ ಬರೋಣ. ಲೋಹ ಹರಿಸುವ ರಿಯಾಕ್ಟರಿಗೆ ನೀರು ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲೋಹ ಬಿಸಿಯನ್ನು ಒಳಗಿನಿಂದ ಉಗಿಯವರೆಗೆ ಹೊತ್ತು ತರುತ್ತದೆ, ಅಷ್ಟೇ. ಟರ್ಬೈನ್ ತಿರುಗಿಸಿದ ಮೇಲೆ ಉಳಿಯುವ ಬಿಸಿಯನ್ನು ಕೊನೆಗೆ ನೀರೋ ಗಾಳಿಯೋ ಹೊರಲೇಬೇಕು. ಕಲ್ಪಾಕ್ಕಂನಲ್ಲಿ 1250 ಮೆಗಾವಾಟ್ ಬಿಸಿಯಿಂದ 500 ಮೆಗಾವಾಟ್ ವಿದ್ಯುತ್, ಉಳಿದ 750 ಸಮುದ್ರಕ್ಕೆ. ಲೋಹ ಹೆಚ್ಚು ಬಿಸಿಯಲ್ಲಿ ಕೆಲಸ ಮಾಡುವುದರಿಂದ ಲಾಭ ಇರುವುದು ನಿಜ. ಅಲ್ಲಿ ಒಂದು ಪಾಲು ವಿದ್ಯುತ್ತಿಗೆ ಒಂದೂವರೆ ಪಾಲು ಬಿಸಿ ವ್ಯರ್ಥವಾದರೆ, ಕೈಗಾದಲ್ಲಿ ಎರಡೂಕಾಲು ಪಾಲಿಗೂ ಹೆಚ್ಚು. ಆದರೆ ಕಲ್ಪಾಕ್ಕಂಗೆ ಬಂಗಾಳಕೊಲ್ಲಿ ಇದೆ, ಕೈಗಾಕ್ಕೆ ಕಾಳಿ ನದಿಯ ಕದ್ರಾ ಜಲಾಶಯವಿದೆ. ಬೇವೂರಿಗೆ ಏನಿದೆ?

ಲೆಕ್ಕ ಸರಳ. ಒಂದು ಲೀಟರ್ ನೀರು ಆವಿಯಾಗಿ ಸುಮಾರು 2.4 ಮೆಗಾಜೌಲ್ ಬಿಸಿಯನ್ನು ಒಯ್ಯುತ್ತದೆ. 750 ಮೆಗಾವಾಟ್ ಬಿಸಿಯನ್ನು ಕೂಲಿಂಗ್ ಟವರಿನಲ್ಲಿ ನೀರು ಆರಿಸಿಯೇ ಕಳೆಯುವುದಾದರೆ ಸೆಕೆಂಡಿಗೆ 300 ಲೀಟರಿನಷ್ಟು ನೀರು ಆಕಾಶಕ್ಕೆ ಹೋಗುತ್ತದೆ. ದಿನಕ್ಕೆ ಎರಡೂವರೆ ಕೋಟಿ ಲೀಟರಿಗೂ ಹೆಚ್ಚು. ಗಂಗಾವತಿಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆಗಳಿವೆ. ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳು ಮಳೆಯನ್ನೇ ನಂಬಿ ಜೋಳ, ಕಡಲೆ, ಸಜ್ಜೆ ಬೆಳೆಯುತ್ತವೆ. ಕೃಷ್ಣೆಯ ನೀರು ಏತ ನೀರಾವರಿಯಲ್ಲಿ ಬರುತ್ತದೆಂದು ಈ ಹೊಲಗಳ ರೈತರು ಕಾದು ಕೂತು ಎಷ್ಟು ಕಾಲವಾಯಿತು! ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ 2024ರ ಆಗಸ್ಟಿನಲ್ಲಿ ಕಡಿದಾಗ, ಹರಿದುಹೋದ ಒಂದೊಂದು ಹನಿಗೂ ಈ ಜಿಲ್ಲೆ ಮರುಗಿತು. ಇಂಥ ನಾಡಿನಲ್ಲಿ ಸ್ಥಾವರದ ಮಾತು ಎತ್ತುವವರು ನೀರಿನ ಲೆಕ್ಕವನ್ನು ಮೊದಲ ಪುಟದಲ್ಲಿ ಬರೆದು ತರಬೇಕು.

ನಾನು ಅಣುಶಕ್ತಿಯ ವಿರೋಧಿಯಲ್ಲ. ರಾಯಚೂರು, ಕುಡತಿನಿ, ಕೂಡಗಿಯ ಕಲ್ಲಿದ್ದಲ ಸ್ಥಾವರಗಳ ಬೂದಿಯನ್ನು ಉಸಿರಾಡುವ ಜನರ ಸಂಕಟವೂ ನನಗೆ ಕಾಣುತ್ತದೆ. ನಮ್ಮ ತಾಲ್ಲೂಕಿನ ಬಯಲಿನಲ್ಲಿ ತಿರುಗುವ ಗಾಳಿಯಂತ್ರಗಳು ಗಾಳಿ ಬಿದ್ದ ದಿನ ಸುಮ್ಮನಾಗುತ್ತವೆ ಎಂಬುದನ್ನೂ ಬಲ್ಲೆ. ಸೋಡಿಯಂ ಹೊಳೆಯನ್ನು ನಾಲ್ಕು ದಶಕ ಕಾಯ್ದುಕೊಂಡು ಬಂದ ನಮ್ಮ ವಿಜ್ಞಾನಿಗಳ, ಕೆಲಸಗಾರರ ಸಾಧನೆಗೆ ನನ್ನ ಮನಸ್ಸು ತುಂಬಿ ಬರುತ್ತದೆ. ಆದರೆ ಅವರ ಸಾಧನೆಗೆ ನಾವು ಸಲ್ಲಿಸಬಹುದಾದ ಗೌರವ ಕಣ್ಣುಮುಚ್ಚಿದ ಭಕ್ತಿಯೂ ಅಲ್ಲ, ಕಿವಿಮುಚ್ಚಿದ ಭಯವೂ ಅಲ್ಲ. ತಿಳಿದು ಕೇಳುವ ಪ್ರಶ್ನೆಯೇ ಆ ಗೌರವ.

ನಾಳೆ ನಮ್ಮ ಸೀಮೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಕರೆದರೆ ಬೇವೂರಿನ ರೈತ ಎದ್ದು ನಿಂತು ನಾಲ್ಕು ಮಾತು ಕೇಳಲಿ. ಒಳಗಿನ ಬಿಸಿಯನ್ನು ಹೊರುವುದು ಯಾವುದು? ವಿದ್ಯುತ್ ಪೂರ್ತಿ ಹೋದ ದಿನ ಅದನ್ನು ಹೊರುವುದು ಯಾವುದು? ಕೊನೆಯ ಬಿಸಿಯನ್ನು ಒಯ್ಯುವ ನೀರು ಯಾರ ಪಾಲಿನದು? ಏನಾದರೂ ಸೋರಿದರೆ ನಮಗೆ ಎಷ್ಟು ಗಂಟೆಯೊಳಗೆ ಹೇಳುತ್ತೀರಿ? ಈ ನಾಲ್ಕನ್ನು ಕೇಳಲು ವಿಜ್ಞಾನದ ಪದವಿ ಬೇಕಿಲ್ಲ. ಉತ್ತರಿಸುವವರು ಮಾತ್ರ ಅಂಕಿಸಂಖ್ಯೆಗಳೊಡನೆ, ಕನ್ನಡದಲ್ಲಿ, ಬರಹದಲ್ಲಿ ಉತ್ತರಿಸಬೇಕು. ಅಂಥ ಉತ್ತರ ಸಿಕ್ಕ ದಿನ ಒಪ್ಪಿಗೆಗೂ ಬೆಲೆಯಿರುತ್ತದೆ, ನಿರಾಕರಣೆಗೂ ಬೆಲೆಯಿರುತ್ತದೆ.